ಸೇನಾ ಪೈಲಟ್ ವೃತ್ತಿಯ ನಂತರ ನಾಗರಿಕ ಹಾರಾಟ ಬೋಧಕರಾಗುವವರು ಹೊಸದಾಗಿ ಕಲಿಯಬೇಕಾದದ್ದೇನು?

ಪ್ರಶ್ನೆ (ಸೇವೆಯ ಕೊನೆಯ ಅವಧಿಯಲ್ಲಿರುವ ಯುದ್ಧವಿಮಾನ ಪೈಲಟ್)

ಮಾನ್ಯರೇ, ದೀರ್ಘಕಾಲ ಯುದ್ಧವಿಮಾನಗಳನ್ನು ಹಾರಿಸಿ ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದೇನೆ. ನನ್ನ ಜೊತೆಯವರಲ್ಲಿ ಬಹುತೇಕರು ವಿಮಾನಯಾನ ಸಂಸ್ಥೆಗಳತ್ತ ಹೊರಟಿದ್ದಾರೆ. ನನ್ನ ಒಲವು ಮಾತ್ರ ನಾಗರಿಕ ತರಬೇತಿ ಶಾಲೆಯೊಂದರಲ್ಲಿ, ಹಿಂದೆಂದೂ ವಿಮಾನದ ಕಂಟ್ರೋಲ್ ಮುಟ್ಟದವರಿಗೆ ಹಾರಾಟ ಕಲಿಸುವ ಕೆಲಸದ ಕಡೆಗಿದೆ. ಸ್ಕ್ವಾಡ್ರನ್‌ನಲ್ಲಿ ಕಿರಿಯ ಪೈಲಟ್‌ಗಳನ್ನು ತಿದ್ದಿ ತಯಾರು ಮಾಡಿದ್ದೇನೆ, ಆದರೆ ಸೇನೆಯ ಬೋಧಕರ ಶಾಲೆಯ ಕೋರ್ಸ್ ಮಾಡಿ ಅಧಿಕೃತ ಬೋಧಕನಾಗಿ ಕೆಲಸ ಮಾಡಿದವನಲ್ಲ.

ನನ್ನ ಪ್ರಶ್ನೆಗಳು ಎರಡು. ಸೇನೆಯ ಹಾರಾಟದ ಅನುಭವಕ್ಕೆ ನಾಗರಿಕ ಪರವಾನಗಿ ವ್ಯವಸ್ಥೆಯಲ್ಲಿ ಎಷ್ಟರ ಮಟ್ಟಿಗೆ ಮನ್ನಣೆ ಸಿಗುತ್ತದೆ, ಮತ್ತು ಅದಕ್ಕಾಗಿ ಸೇವೆಯಲ್ಲಿರುವಾಗಲೇ ಏನೇನು ಸಿದ್ಧಪಡಿಸಿಕೊಳ್ಳಬೇಕು? ಎರಡನೆಯದು ನನಗೆ ಹೆಚ್ಚು ಮುಖ್ಯವಾದದ್ದು: ನೂರಾರು ನಾಟ್ (ಗಂಟೆಗೆ ನಾಟಿಕಲ್ ಮೈಲಿ) ವೇಗದ ಜೆಟ್‌ಗಳಲ್ಲಿ ರೂಢಿಯಾದ ಕೈ ಮತ್ತು ಮನಸ್ಸು ಎರಡು ಆಸನದ ಪುಟ್ಟ ವಿಮಾನದಲ್ಲಿ ಹೊಸಬರ ಪಕ್ಕ ಕುಳಿತಾಗ ಯಾವ ಅಭ್ಯಾಸಗಳನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಈ ದಾರಿಯಲ್ಲಿ ಈಗಾಗಲೇ ನಡೆದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 (ಹಿಂದೆ ಸೇನೆಯ ಸಾಗಣೆ ವಿಮಾನಗಳ ಪೈಲಟ್, ಈಗ ನಾಗರಿಕ ಬೋಧಕ)

ಮೊದಲು ಲಾಗ್‌ಬುಕ್‌ನಿಂದ, ಅಂದರೆ ಹಾರಾಟಗಳ ದಾಖಲೆ ಪುಸ್ತಕದಿಂದ, ಆರಂಭಿಸಿ, ಏಕೆಂದರೆ ಸೇವೆಯಿಂದ ಹೊರಬಂದ ಮೇಲೆ ಸರಿಪಡಿಸಲು ಅತ್ಯಂತ ಕಷ್ಟವಾಗುವುದು ಅದೇ. ನಾಗರಿಕ ವ್ಯವಸ್ಥೆಯಲ್ಲಿ ಹಾರಾಟದ ಸಮಯವನ್ನು ಸಾಮಾನ್ಯವಾಗಿ ವಿಮಾನ ಹಾರುವ ಉದ್ದೇಶದಿಂದ ಕದಲಿದ ಕ್ಷಣದಿಂದ ಹಾರಾಟ ಮುಗಿದು ನಿಲ್ಲುವವರೆಗೆ ಲೆಕ್ಕ ಹಾಕುತ್ತಾರೆ. ಸೇನೆಗಳಲ್ಲಿ ಅನೇಕ ಕಡೆ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಸಮಯವನ್ನಷ್ಟೇ ಬರೆಯುತ್ತಾರೆ. ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಎಂಬ ಅಂಕಣದ ಅರ್ಥವೂ ಎರಡೂ ಕಡೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಪ್ರತಿ ಸಾರ್ಟಿಯ (ಒಂದು ಹಾರಾಟದ) ದಿನಾಂಕ, ವಿಮಾನದ ಮಾದರಿ, ಹಗಲು, ರಾತ್ರಿ, ಉಪಕರಣಗಳ ಆಧಾರದ ಹಾರಾಟ, ವಿಮಾನದಲ್ಲಿ ನಿಮ್ಮ ಪಾತ್ರ ಇವೆಲ್ಲ ಬಿಡಿಬಿಡಿಯಾಗಿ ಕಾಣುವಂತೆ ದಾಖಲೆಯನ್ನು ಸಿದ್ಧಪಡಿಸಿ, ಘಟಕದ ಅಧಿಕಾರಿಯ ದೃಢೀಕರಣವನ್ನು ಸೇವೆಯಲ್ಲಿರುವಾಗಲೇ ಪಡೆದುಕೊಳ್ಳಿ. ನಾಗರಿಕ ವಿಮಾನಯಾನ ಪ್ರಾಧಿಕಾರದ ಗುಮಾಸ್ತರಿಗೆ ನಿಮ್ಮ ಶೌರ್ಯದ ಕಥೆ ಬೇಕಿಲ್ಲ, ಸರಿಯಾದ ಅಂಕಣದಲ್ಲಿ ಸರಿಯಾದ ಅಂಕಿ ಬೇಕು, ಮತ್ತು ಅವರು ಅದನ್ನು ಕೇಳುವುದು ನ್ಯಾಯವೇ ಆಗಿದೆ.

ಮನ್ನಣೆಯ ವಿಷಯದಲ್ಲಿ ಒಂದೊಂದು ದೇಶದ ನಿಯಮ ಒಂದೊಂದು ರೀತಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮೊದಲ ಅನುಬಂಧವು ಪರವಾನಗಿಗಳ ಕನಿಷ್ಠ ಮಟ್ಟವನ್ನು ಹೇಳುತ್ತದೆ. ವಿಮಾನದ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ, ಅನುಮೋದಿತ ಕೋರ್ಸ್ ಮೂಲಕ ಬಂದರೆ 150 ಗಂಟೆ. ನಿಮ್ಮಂಥವರಿಗೆ ಗಂಟೆಗಳ ಕೊರತೆ ಎಂದೂ ಆಗದು. ತೊಡಕಾಗುವುದು ಅವು ಯಾವ ವಿಮಾನದಲ್ಲಿ, ಯಾವ ರೀತಿಯ ಗಂಟೆಗಳು ಎಂಬುದು. ಅಮೆರಿಕದಲ್ಲಿ ಸೇನಾ ಪೈಲಟ್‌ಗಳಿಗೆ ನೇರ ದಾರಿಯೊಂದಿದೆ: ಸೇನೆಯ ಅರ್ಹತೆಯ ದಾಖಲೆ ತೋರಿಸಿ ಲಿಖಿತ ಜ್ಞಾನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಹಾರಾಟದ ಪ್ರಾಯೋಗಿಕ ಪರೀಕ್ಷೆ ಇಲ್ಲದೆಯೇ ವಾಣಿಜ್ಯ ಪೈಲಟ್ ಪ್ರಮಾಣಪತ್ರ ಸಿಗುತ್ತದೆ. ಸೇನೆಯಲ್ಲಿ ಅಧಿಕೃತ ಬೋಧಕರಾಗಿದ್ದವರು ಇದೇ ಬಗೆಯ ಜ್ಞಾನ ಪರೀಕ್ಷೆಯ ಮೂಲಕ ಬೋಧಕರ ಪ್ರಮಾಣಪತ್ರವನ್ನೂ ಪಡೆಯಬಹುದು. ನೀವು ಆ ಕೋರ್ಸ್ ಮಾಡಿಲ್ಲವೆಂದು ಬರೆದಿರುವುದರಿಂದ ಅಂಥ ರಿಯಾಯಿತಿ ಇರುವ ದೇಶದಲ್ಲೂ ಬೋಧಕರ ಅರ್ಹತೆಯನ್ನು ಉಳಿದವರಂತೆಯೇ ಗಳಿಸಬೇಕಾಗುತ್ತದೆ. ಇದನ್ನು ನಷ್ಟವೆಂದು ಭಾವಿಸಬೇಡಿ. ಯುರೋಪಿನ ನಿಯಮದಲ್ಲಿ ವಿಮಾನ ಬೋಧಕರ ಕೋರ್ಸ್‌ಗೆ ಕನಿಷ್ಠ 125 ಗಂಟೆ ಪಾಠ ಮತ್ತು 30 ಗಂಟೆ ಹಾರಾಟ ಇದೆ. ನನ್ನ ಅಭಿಪ್ರಾಯದಲ್ಲಿ ಸೇನೆಯಿಂದ ಬಂದವರಿಗೆ ಅತ್ಯಂತ ಉಪಯುಕ್ತವಾದ ಕಾಲ ಅದೇ, ಏಕೆಂದರೆ ಬಲಗಡೆಯ ಆಸನದಲ್ಲಿ ಕುಳಿತು, ಹಾರಿಸುತ್ತಲೇ ಮಾತನಾಡುವ ಅಭ್ಯಾಸ ಬರುವುದು ಆಗ.

ಇನ್ನೊಂದು ಸೂಕ್ಷ್ಮವೂ ಇದೆ. ಎರಡು ಎಂಜಿನ್‌ಗಳ ಅನುಭವವೆಲ್ಲವೂ ಟಿ-38 ಎಂಬ ಅಮೆರಿಕದ ಸೇನಾ ತರಬೇತಿ ಜೆಟ್‌ನಂತೆ ಎಂಜಿನ್‌ಗಳು ಮಧ್ಯರೇಖೆಗೆ ಅಂಟಿಕೊಂಡಿರುವ ಜೆಟ್‌ಗಳಿಂದಲೇ ಬಂದಿದ್ದರೆ, ಅಮೆರಿಕದ ವ್ಯವಸ್ಥೆಯಲ್ಲಿ ಬಹು ಎಂಜಿನ್ ಅರ್ಹತೆಯ ಮೇಲೆ ಮಧ್ಯರೇಖಾ ತಳ್ಳುಬಲದ ಮಿತಿಯನ್ನು ನಮೂದಿಸುತ್ತಾರೆ. ಅದಕ್ಕೆ ಕಾರಣ ಸರಳವಾಗಿದೆ: ರೆಕ್ಕೆಗಳ ಮೇಲೆ ಎಂಜಿನ್‌ಗಳಿರುವ ಪ್ರೊಪೆಲರ್ ವಿಮಾನದಲ್ಲಿ ಒಂದು ಎಂಜಿನ್ ನಿಂತಾಗ ಇನ್ನೊಂದು ಎಂಜಿನ್ ವಿಮಾನದ ಮೂಗನ್ನು ಬಲವಾಗಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಒಂದು ವೇಗಕ್ಕಿಂತ ಕೆಳಗೆ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ, ಪಾದದಿಂದ ನಡೆಸುವ ಬಾಲದ ಫಲಕ) ಪೂರ್ತಿ ಒತ್ತಿದರೂ ಅದನ್ನು ತಡೆಯಲು ಸಾಧ್ಯವಾಗುವುದಿಲ್ಲ, ಮತ್ತು ಮಧ್ಯರೇಖೆಯ ಜೆಟ್‌ಗಳಲ್ಲಿ ಈ ಎಳೆತದ ನಿಜವಾದ ಅನುಭವವೇ ಆಗಿರುವುದಿಲ್ಲ. ಅಂಥ ವಿಮಾನದಲ್ಲಿ ಪರೀಕ್ಷೆ ಕೊಟ್ಟು ಮಿತಿಯನ್ನು ತೆಗೆಸಿಕೊಳ್ಳಬಹುದು.

ಇನ್ನು ಪುಟ್ಟ ವಿಮಾನದ ವಿಷಯ. ಯುದ್ಧವಿಮಾನದಿಂದ ಬಂದವರ ಪಾದಗಳು ನಿದ್ರಿಸುತ್ತಿರುತ್ತವೆ. ಆಧುನಿಕ ಜೆಟ್‌ನ ನಿಯಂತ್ರಣ ವ್ಯವಸ್ಥೆ ತಿರುವುಗಳನ್ನು ತಾನೇ ಸಮತೋಲನದಲ್ಲಿಡುತ್ತದೆ, ಅಂದರೆ ರಡ್ಡರ್ ಮುಟ್ಟದೆ ಇಡೀ ಸಾರ್ಟಿ ಮುಗಿಸಬಹುದು. ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನದಲ್ಲಿ ಥ್ರಾಟಲ್ (ಎಂಜಿನ್ ಶಕ್ತಿಯ ನಿಯಂತ್ರಣ) ಪೂರ್ತಿ ಕೊಟ್ಟು ನಿಧಾನ ವೇಗದಲ್ಲಿ ಮೇಲೇರುವಾಗ ಪ್ರೊಪೆಲರ್‌ನ ಪ್ರಭಾವದಿಂದ ಮೂಗು ಎಡಕ್ಕೆ ಸರಿಯುತ್ತಲೇ ಇರುತ್ತದೆ. ಬಲ ರಡ್ಡರ್ ಹಿಡಿದಿರದಿದ್ದರೆ ವಿಮಾನ ಅಡ್ಡಡ್ಡವಾಗಿ ಹಾರುತ್ತದೆ. ಅದೇ ಸ್ಥಿತಿಯಲ್ಲಿ ಸ್ಟಾಲ್ ಆದರೆ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡರೆ, ಒಂದು ರೆಕ್ಕೆ ಮೊದಲು ಬೀಳುತ್ತದೆ, ಅಲ್ಲಿಂದ ಸ್ಪಿನ್‌ಗೆ, ಅಂದರೆ ಸುತ್ತುತ್ತಾ ಕೆಳಗೆ ಬೀಳುವ ಸ್ಥಿತಿಗೆ, ಹೆಚ್ಚು ದೂರವಿಲ್ಲ. ವಿದ್ಯಾರ್ಥಿಗೆ ರಡ್ಡರ್ ಕಲಿಸಬೇಕಾದವರ ಪಾದಗಳೇ ಎಚ್ಚರವಾಗಿರಬೇಕಲ್ಲವೇ? ಬೋಧಕರಾಗುವ ಮೊದಲು ಸಾಧ್ಯವಾದರೆ ಗ್ಲೈಡರ್‌ನಲ್ಲೋ ಹಿಂಚಕ್ರದ ವಿಮಾನದಲ್ಲೋ ಸ್ವಲ್ಪ ಕಾಲ ಕಳೆಯಿರಿ. ರಡ್ಡರ್‌ಗೆ ಅದಕ್ಕಿಂತ ಉತ್ತಮ ಔಷಧ ನನಗೆ ಗೊತ್ತಿಲ್ಲ.

ಶಕ್ತಿಯ ಲೆಕ್ಕವೂ ಬೇರೆಯಾಗುತ್ತದೆ. ಜೆಟ್‌ನಲ್ಲಿ ಎತ್ತರ ಮತ್ತು ವೇಗ ಕೈಯಲ್ಲಿರುವ ಹಣದಂತೆ. ಥ್ರಾಟಲ್ ಮುಂದೂಡಿದರೆ ಖರ್ಚಾದದ್ದು ಮರಳಿ ಬರುತ್ತದೆ. 180 ಅಶ್ವಶಕ್ತಿಯ ವಿಮಾನದಲ್ಲಿ ಬಿಸಿಲಿನ ಮಧ್ಯಾಹ್ನ ಇಬ್ಬರು ಕುಳಿತು ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಮೇಲೇರುವುದೇ ನಿಧಾನ, ಕಳೆದುಕೊಂಡ ಎತ್ತರವನ್ನು ಮತ್ತೆ ಗಳಿಸಲು ನಿಮಿಷಗಳೇ ಬೇಕು. ಎಂಜಿನ್ ನಿಂತರೆ 172S ಮಾದರಿಯ ಉತ್ತಮ ಜಾರುವೇಗ ಪೂರ್ಣ ತೂಕದಲ್ಲಿ 68 ನಾಟ್, ಮತ್ತು ಗಾಳಿ ಇಲ್ಲದಾಗ 1000 ಅಡಿ ಎತ್ತರದಿಂದ ತಲುಪಬಹುದಾದದ್ದು ಸುಮಾರು ಒಂದೂವರೆ ನಾಟಿಕಲ್ ಮೈಲಿ. ಹೊರಚಿಮ್ಮುವ ಆಸನ ಇಲ್ಲ. ಕೆಳಗೆ ಯಾವ ಹೊಲ ಖಾಲಿ ಇದೆ ಎಂದು ನೋಡುತ್ತಲೇ ಇರುವ ಕಣ್ಣು ಮಾತ್ರ ಇದೆ. ಕಾರ್ಬ್ಯುರೇಟರ್ (ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಹಳೆಯ ತರಬೇತಿ ವಿಮಾನಗಳಲ್ಲಂತೂ ಹೊರಗೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ತಾಪಮಾನ ಇದ್ದರೂ ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ಕಾರ್ಬ್ಯುರೇಟರ್ ಒಳಗೆ ಹಿಮ ಕಟ್ಟಿ ಎಂಜಿನ್ ಸೊರಗುತ್ತದೆ. ಜೆಟ್ ಪೈಲಟ್‌ಗೆ ಇದು ಪುಸ್ತಕದಲ್ಲಿ ಓದಿ ಮರೆತ ಸಂಗತಿ, ಇಲ್ಲಿ ಪ್ರತಿ ಇಳಿತದ ಮೊದಲು ನೆನಪಿಡಬೇಕಾದ ಸಂಗತಿ.

ಕೊನೆಯದಾಗಿ, ವಿಮಾನದ ದೇಹದ ಮಿತಿ. ನಿಮ್ಮ ಕೈ 9 ಜಿ (ಗುರುತ್ವದ ಒಂಬತ್ತು ಪಟ್ಟು ಬಲ) ವರೆಗೆ ಎಳೆಯಲು ಹೆದರದ ಕೈ. ಸಾಮಾನ್ಯ ವರ್ಗದ ಲಘು ವಿಮಾನದ ವಿನ್ಯಾಸದ ಮಿತಿ 3.8 ಜಿ, ಮತ್ತು ಮಿತಿ ಮೀರದಂತೆ ತಡೆಯುವ ಯಾವ ಕಂಪ್ಯೂಟರೂ ಅದರಲ್ಲಿಲ್ಲ. ವಿದ್ಯಾರ್ಥಿಯ ತಪ್ಪಿನಿಂದ ವಿಮಾನ ಮೂಗು ಕೆಳಗೆ ಮಾಡಿ ವೇಗ ಏರಿಸಿಕೊಂಡಾಗ ಹಳೆಯ ಅಭ್ಯಾಸದಂತೆ ಜೋರಾಗಿ ಎಳೆಯದೆ, ಮೊದಲು ಥ್ರಾಟಲ್ ಹಿಂದಕ್ಕೆ ತೆಗೆದು, ರೆಕ್ಕೆಗಳನ್ನು ಸಮ ಮಾಡಿ, ನಿಧಾನವಾಗಿ ಮೂಗು ಎತ್ತುವ ಅಭ್ಯಾಸವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು.

ಉತ್ತರ 2 (ನಾಗರಿಕ ತರಬೇತಿ ಶಾಲೆಯ ಮುಖ್ಯ ಬೋಧಕಿ)

ಮೇಲಿನ ಉತ್ತರದಲ್ಲಿ ವಿಮಾನದ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಸೇನೆಯಿಂದ ಬಂದ ಬೋಧಕರೊಂದಿಗೆ ಕೆಲಸ ಮಾಡಿದ ನನ್ನ ಅನುಭವದಲ್ಲಿ ಅವರಿಗೆ ವಿಮಾನ ಬೇಗ ಒಗ್ಗುತ್ತದೆ, ವಿದ್ಯಾರ್ಥಿ ಒಗ್ಗಲು ತಡವಾಗುತ್ತದೆ. ಇದಕ್ಕೆ ಕಾರಣ ಅವರ ಸ್ವಭಾವವಲ್ಲ, ಅವರು ಬೆಳೆದ ವ್ಯವಸ್ಥೆ. ಸೇನೆಯ ಶಾಲೆಗೆ ಬರುವ ಹುಡುಗ, ಹುಡುಗಿಯರು ವೈದ್ಯಕೀಯ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆ, ಸಂದರ್ಶನ ಎಲ್ಲವನ್ನೂ ದಾಟಿ ಬಂದಿರುತ್ತಾರೆ, ಬಹುತೇಕ ಒಂದೇ ವಯಸ್ಸಿನವರು, ಪ್ರತಿದಿನ ಹಾರುತ್ತಾರೆ, ನಿಗದಿತ ಸಾರ್ಟಿಗಳಲ್ಲಿ ನಿಗದಿತ ಮಟ್ಟ ತಲುಪದವರನ್ನು ಬೇರೆ ಶಾಖೆಗೆ ಕಳುಹಿಸುತ್ತಾರೆ. ಹೀಗೆ ಆಯ್ಕೆ ಮೊದಲು ನಡೆದು, ಬೋಧನೆ ಅದರ ನಂತರ ಬರುತ್ತದೆ. ನಾಗರಿಕ ಶಾಲೆಯಲ್ಲಿ ಹದಿನೇಳರ ತರುಣಿಯೂ ಅರವತ್ತರ ಹಿರಿಯರೂ ಒಂದೇ ದಿನ ಬರಬಹುದು, ಒಬ್ಬರು ವಾರಕ್ಕೆ ಐದು ದಿನ ಹಾರಿದರೆ ಇನ್ನೊಬ್ಬರು ತಿಂಗಳಿಗೆ ಎರಡು ಸಲ ಮಾತ್ರ ಹಾರಬಹುದು, ಮತ್ತು ಇಬ್ಬರೂ ತಮ್ಮ ಸ್ವಂತ ಹಣದಲ್ಲಿ ಬಂದವರು. ಖಾಸಗಿ ಪರವಾನಗಿಗೆ ಅಂತರರಾಷ್ಟ್ರೀಯ ಕನಿಷ್ಠ ಮಟ್ಟ 40 ಗಂಟೆಯಾದರೂ ಅನೇಕರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕಾಗುತ್ತದೆ. ಎಪ್ಪತ್ತನೆಯ ಗಂಟೆಯಲ್ಲಿ ಮೊದಲ ಸೋಲೋ (ಒಬ್ಬರೇ ಹಾರುವ ಹಾರಾಟ) ಮಾಡಿದವರು ಕೆಟ್ಟ ಪೈಲಟ್ ಆಗುತ್ತಾರೆಂದು ಅರ್ಥವಲ್ಲ. ಅವರನ್ನು ಬಿಟ್ಟುಬಿಡುವ ಆಯ್ಕೆ ನಿಮಗಿಲ್ಲ; ಅವರಿಗೆ ಅರ್ಥವಾಗುವ ಇನ್ನೊಂದು ವಿವರಣೆಯನ್ನು ಹುಡುಕುವುದೇ ನಿಮ್ಮ ಕೆಲಸ. ಸುರಕ್ಷಿತವಾಗಿ ಹಾರಲು ಎಂದಿಗೂ ಸಾಧ್ಯವಾಗದವರಿಗೆ ಅದನ್ನು ಮುಖಕ್ಕೆ ಮುಖ ಕೊಟ್ಟು, ಗೌರವದಿಂದ, ತಡಮಾಡದೆ ಹೇಳುವ ಹೊಣೆಯೂ ನಿಮ್ಮದೇ, ಏಕೆಂದರೆ ಇಲ್ಲಿ ಅದನ್ನು ನಿಮ್ಮ ಪರವಾಗಿ ತೀರ್ಮಾನಿಸುವ ಮಂಡಳಿ ಇರುವುದಿಲ್ಲ.

ಸೇನೆಗೂ ಬೋಧನೆಗೂ ಇರುವ ನಂಟು ಹಳೆಯದು. ಇಂದು ಪ್ರತಿ ನಾಗರಿಕ ಶಾಲೆಯಲ್ಲೂ ಬಳಸುವ ವಿಧಾನದ ಬೇರು ಮೊದಲ ಮಹಾಯುದ್ಧದ ಕಾಲದ ಒಬ್ಬ ಸೇನಾ ಪೈಲಟ್‌ನ ಹಟದಲ್ಲಿದೆ. ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನ ರಾಬರ್ಟ್ ಸ್ಮಿತ್-ಬ್ಯಾರಿ 1917ರಲ್ಲಿ ಗಾಸ್ಪೋರ್ಟ್‌ನಲ್ಲಿ ನಡೆಸಿದ ಶಾಲೆಯಲ್ಲಿ ಎರಡು ಕಂಟ್ರೋಲ್‌ಗಳಿದ್ದ ಏವ್ರೋ 504 ವಿಮಾನಗಳನ್ನು ಬಳಸಿ, ಬೋಧಕನ ಮಾತು ವಿದ್ಯಾರ್ಥಿಗೆ ಕೇಳುವಂತೆ ರಬ್ಬರ್ ಕೊಳವೆಯ ವ್ಯವಸ್ಥೆ ಮಾಡಿ, ಅಪಾಯಕರ ಸ್ಥಿತಿಗಳಿಂದ ವಿದ್ಯಾರ್ಥಿಯನ್ನು ದೂರವಿಡುವ ಬದಲು ಬೋಧಕನ ಜೊತೆಯಲ್ಲಿಯೇ ಆ ಸ್ಥಿತಿಗೆ ಹೋಗಿ ಹೊರಬರುವುದನ್ನು ಕಲಿಸುವ ಪದ್ಧತಿಯನ್ನು ಬೆಳೆಸಿದರು. ಸ್ಪಿನ್ ಎಂದರೆ ಸಾವು ಎಂದು ಭಯಪಡುತ್ತಿದ್ದ ಕಾಲದಲ್ಲಿ ಅದರ ಕಾರಣವನ್ನು ವಿವರಿಸಿ ಕಲಿಸಿದರೆ ಭಯ ಹೋಗುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ತಪ್ಪು ಮಾಡಲು ಅವಕಾಶ ಕೊಟ್ಟು, ಅದನ್ನು ವಿದ್ಯಾರ್ಥಿಯೇ ತಿದ್ದಿಕೊಳ್ಳುವವರೆಗೆ ಕಾಯುವ ಧೈರ್ಯ ಬೋಧಕರ ಗುಣಗಳಲ್ಲೆಲ್ಲ ಮೊದಲನೆಯದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೊಸ ಬೋಧಕರಿಗೆ ಅತ್ಯಂತ ಕಷ್ಟವಾಗುವುದೂ ಅದೇ. ನಿಮ್ಮ ಕೈ ಚುರುಕಾಗಿದೆ, ತಪ್ಪು ಆರಂಭವಾಗುವ ಮೊದಲೇ ಅದು ಕಾಣುತ್ತದೆ, ಕಂಡ ತಕ್ಷಣ ಕೈ ಹೋಗಿ ತಿದ್ದಿಬಿಡುತ್ತದೆ. ವಿದ್ಯಾರ್ಥಿಗೆ ತಾನೇ ಚೆನ್ನಾಗಿ ಇಳಿಸಿದೆನೆಂಬ ಭ್ರಮೆ ಬರುತ್ತದೆ, ಅಥವಾ ಬೋಧಕರು ಸದಾ ಹಿಡಿದಿರುತ್ತಾರೆಂಬ ಅನುಮಾನ ಬರುತ್ತದೆ, ಎರಡೂ ಕೆಟ್ಟವು. ಕಂಟ್ರೋಲ್ ಯಾರ ಬಳಿ ಇದೆ ಎಂಬುದನ್ನು ಪ್ರತಿ ಸಲ ಬಾಯಿಬಿಟ್ಟು ಹೇಳಿ, ಮರಳಿ ಹೇಳಿಸಿಕೊಂಡು ಬದಲಿಸಬೇಕು, ನಡುವೆ ಗುಟ್ಟಾಗಿ ನೆರವಾಗುವುದನ್ನು ಬಿಡಬೇಕು. ಅದರ ಜೊತೆಗೆ, ಎಷ್ಟು ಎತ್ತರದವರೆಗೆ, ಎಷ್ಟು ವೇಗದವರೆಗೆ ತಪ್ಪನ್ನು ಬೆಳೆಯಲು ಬಿಡುತ್ತೇನೆ ಎಂಬ ಗಡಿಯನ್ನು ಹಾರುವ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ರನ್‌ವೇ ಮೇಲೆ ವಿಮಾನವನ್ನು ಸಮತಟ್ಟಾಗಿಸುವ ಆ ಕೆಲವು ಸೆಕೆಂಡುಗಳಲ್ಲಿ ಈ ಗಡಿ ಅತ್ಯಂತ ಕಿರಿದಾಗಿರುತ್ತದೆ, ಮತ್ತು ಬೋಧಕರ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ.

ನೀವು ಉಳಿಸಿಕೊಳ್ಳಬೇಕಾದ ಅಭ್ಯಾಸದ ಬಗ್ಗೆಯೂ ಹೇಳುತ್ತೇನೆ: ಬ್ರೀಫಿಂಗ್ ಮತ್ತು ಡಿಬ್ರೀಫಿಂಗ್ (ಹಾರಾಟಕ್ಕೆ ಮೊದಲಿನ ವಿವರಣೆ, ನಂತರದ ವಿಮರ್ಶೆ). ನಾಗರಿಕ ಶಾಲೆಗಳಲ್ಲಿ ಎಂಜಿನ್ ನಿಂತ ಕೂಡಲೇ ಲೆಕ್ಕ ಬರೆದು ಮುಂದಿನ ವಿದ್ಯಾರ್ಥಿಯತ್ತ ಓಡುವ ಅವಸರ ಹೆಚ್ಚು. ಸೇನೆಯಲ್ಲಿ ಹಾರಾಟಕ್ಕಿಂತ ಹೆಚ್ಚು ಹೊತ್ತು ಅದರ ವಿಮರ್ಶೆ ನಡೆಯುವುದು ನಿಮಗೆ ಗೊತ್ತಿದೆ. ಪದವಿಯನ್ನು ಬದಿಗಿಟ್ಟು ಏನಾಯಿತು, ಏಕಾಯಿತು, ಮುಂದೆ ಏನು ಮಾಡಬೇಕು ಎಂದು ಸರದಿಯಾಗಿ ಕೇಳುವ ಆ ಶಿಸ್ತನ್ನು ದಯವಿಟ್ಟು ಹೊತ್ತು ತನ್ನಿ. ಅದನ್ನು ಮಾತ್ರ ಇಲ್ಲಿಯ ಧಾಟಿಗೆ ಹೊಂದಿಸಿಕೊಳ್ಳಬೇಕು: ವಿಮರ್ಶೆಯನ್ನು ವಿದ್ಯಾರ್ಥಿಯ ಬಾಯಿಂದಲೇ ಆರಂಭಿಸಿ, ಒಂದು ಪಾಠಕ್ಕೆ ಎರಡು ತಪ್ಪುಗಳಿಗಿಂತ ಹೆಚ್ಚನ್ನು ಎತ್ತಬೇಡಿ. ಗದರಿಕೆ ಯಾವ ಕಾಲಕ್ಕೂ ಬೇಡ. ಗಾಬರಿಯಾದ ಮನುಷ್ಯನ ಗಮನ ಕಿರಿದಾಗುತ್ತದೆ. ಗದರಿಸಿದ ಬೋಧಕರ ವಿದ್ಯಾರ್ಥಿ ವೇಗಮಾಪಕವನ್ನು ಬಿಟ್ಟು ಬೋಧಕರ ಮುಖವನ್ನು ನೋಡಲು ಆರಂಭಿಸುತ್ತಾನೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಯ್ಕೆ ಮೊದಲು, ಬೋಧನೆ ನಂತರ ಎಂಬ ಮಾತಿನಿಂದ ನಾನು ಈವರೆಗೆ ಗಮನಿಸದಿದ್ದ ಸಂಗತಿಯೊಂದು ಸ್ಪಷ್ಟವಾಯಿತು. ಇನ್ನೊಂದು ವಿಷಯ ತಿಳಿಯಬೇಕಿದೆ: ಇದನ್ನು ದೀರ್ಘಕಾಲದ ವೃತ್ತಿಯಾಗಿ ನಂಬಬಹುದೇ, ಅಥವಾ ಕೆಲವು ವರ್ಷಗಳ ನಂತರ ನಿಂತುಹೋಗುವ ದಾರಿಯೇ? ಯುದ್ಧವಿಮಾನದ ಅನುಭವ ವಿಶೇಷವಾಗಿ ಉಪಯೋಗಕ್ಕೆ ಬರುವ ಬೋಧನೆಯ ಕ್ಷೇತ್ರಗಳಿವೆಯೇ?

ಉತ್ತರ 3 (ನಿವೃತ್ತ ಸೇನಾ ಬೋಧಕ, ಈಗ ನಾಗರಿಕ ಪರೀಕ್ಷಕ)

ಆದಾಯದಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ. ಬಹಳಷ್ಟು ಶಾಲೆಗಳಲ್ಲಿ ಬೋಧಕರಿಗೆ ಹಾರಿದ ಗಂಟೆಗೆ ಮಾತ್ರ ಹಣ, ಮೋಡ ಕವಿದ ವಾರದಲ್ಲಿ ಏನೂ ಇಲ್ಲ. ದಿನವಿಡೀ ಹಾರಿ ಗಳಿಸೋಣವೆಂದರೆ ಅದಕ್ಕೂ ಮಿತಿಗಳಿವೆ. ಅಮೆರಿಕದಲ್ಲಿ 24 ಗಂಟೆಗಳ ಯಾವುದೇ ಅವಧಿಯಲ್ಲಿ 8 ಗಂಟೆಗಿಂತ ಹೆಚ್ಚು ಹಾರಾಟದ ಬೋಧನೆ ಮಾಡುವಂತಿಲ್ಲ. ನಿವೃತ್ತಿ ವೇತನ ಇರುವವರಿಗೆ ಇದು ಸಾಗುವ ಕೆಲಸ, ಅದೊಂದನ್ನೇ ನಂಬಿ ಸಂಸಾರ ನಡೆಸಬೇಕಾದವರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕು.

ಆದರೆ ನಿಮ್ಮಂಥವರ ಅಗತ್ಯ ಎಷ್ಟಿದೆ ಎಂಬುದನ್ನೂ ತಿಳಿಯಿರಿ. 2009ರಲ್ಲಿ ಕೋಲ್ಗನ್ ಏರ್ ಎಂಬ ವಿಮಾನಯಾನ ಸಂಸ್ಥೆಯ 3407 ಸಂಖ್ಯೆಯ ವಿಮಾನದ ಅಪಘಾತದ ನಂತರ ಅಮೆರಿಕದಲ್ಲಿ ಬಂದ ಕಾನೂನಿನಿಂದ, 2013ರಿಂದ ವಿಮಾನಯಾನ ಸಂಸ್ಥೆಯ ಸಹಪೈಲಟ್ ಆಗಲೂ ಸಾಮಾನ್ಯವಾಗಿ 1500 ಗಂಟೆ ಬೇಕಾಯಿತು. ಸೇನಾ ಪೈಲಟ್‌ಗಳಿಗೆ ಮಾತ್ರ 750 ಗಂಟೆಗೇ ಸೀಮಿತ ಅರ್ಹತೆ ಸಿಗುತ್ತದೆ. ಇದರ ಪರಿಣಾಮವಾಗಿ ಹೊಸದಾಗಿ ಪರವಾನಗಿ ಪಡೆದವರು ಗಂಟೆಗಳನ್ನು ಕೂಡಿಸಿಕೊಳ್ಳಲು ಬೋಧಕರಾಗುತ್ತಾರೆ, ಸಂಖ್ಯೆ ತುಂಬಿದ ದಿನ ಹೊರಟುಹೋಗುತ್ತಾರೆ. ವಿದ್ಯಾರ್ಥಿ ಅರ್ಧ ದಾರಿಯಲ್ಲಿ ಬೋಧಕರನ್ನು ಕಳೆದುಕೊಂಡು, ಹೊಸಬರೊಂದಿಗೆ ಕಲಿತದ್ದನ್ನೇ ಮತ್ತೆ ತೋರಿಸುತ್ತಾ ಹಣ ಮತ್ತು ಉತ್ಸಾಹ ಎರಡನ್ನೂ ಕಳೆದುಕೊಳ್ಳುತ್ತಾರೆ. ಅವರಲ್ಲಿ ಒಳ್ಳೆಯ ಬೋಧಕರಿಲ್ಲವೆಂದಲ್ಲ, ಕೆಲವರು ಅಪರೂಪದವರು. ಆದರೂ ಗಂಟೆಗಳ ಅಗತ್ಯವೇ ಇಲ್ಲದೆ, ಕಲಿಸಲೆಂದೇ ಬಂದು ವರ್ಷಗಟ್ಟಲೆ ನಿಲ್ಲುವವರು ಒಂದು ಶಾಲೆಯ ಮಟ್ಟವನ್ನೇ ಬದಲಿಸುತ್ತಾರೆ.

ಬೆಳವಣಿಗೆಯ ಮೆಟ್ಟಿಲುಗಳೂ ಇವೆ. ಯುರೋಪಿನಲ್ಲಿ ಹೊಸ ಬೋಧಕರು ಮೊದಲು ಮೇಲ್ವಿಚಾರಣೆಯಲ್ಲಿ ಕಲಿಸಬೇಕು. 100 ಗಂಟೆ ಬೋಧನೆ ಮತ್ತು ವಿದ್ಯಾರ್ಥಿಗಳ ಕನಿಷ್ಠ 25 ಸೋಲೋ ಹಾರಾಟಗಳ ಉಸ್ತುವಾರಿ ಮುಗಿದ ಮೇಲೆ ಆ ನಿರ್ಬಂಧ ತೆಗೆಯುತ್ತಾರೆ. ಮುಂದೆ ಉಪಕರಣ ಹಾರಾಟದ ಬೋಧನೆ, ಬೋಧಕರನ್ನೇ ತಯಾರಿಸುವ ಕೆಲಸ, ಮುಖ್ಯ ಬೋಧಕರ ಹೊಣೆ, ಪರೀಕ್ಷಕರ ಹುದ್ದೆ ಹೀಗೆ ದಾರಿ ಸಾಗುತ್ತದೆ. ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳಿಗೆ ಅನ್ವಯಿಸುವ 65 ವರ್ಷದ ಅಂತರರಾಷ್ಟ್ರೀಯ ಮಿತಿ ವಾಣಿಜ್ಯ ಸಾಗಣೆಗೆ ಸಂಬಂಧಿಸಿದ್ದು. ಬೋಧನೆಯಲ್ಲಿ ಆರೋಗ್ಯ ಇರುವವರೆಗೆ ಮುಂದುವರಿದವರನ್ನು ಎಷ್ಟೋ ಕಡೆ ಕಾಣಬಹುದು.

ಯುದ್ಧವಿಮಾನದ ಅನುಭವಕ್ಕೆ ನೇರವಾಗಿ ಹೊಂದುವ ಕ್ಷೇತ್ರವೆಂದರೆ ವಿಮಾನ ಅಸಹಜ ಸ್ಥಿತಿಗೆ ಹೋದಾಗ ಮರಳಿ ತರುವ ತರಬೇತಿ. ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ, ಬಹು ಪೈಲಟ್ ವಿಮಾನದ ಮೊದಲ ಮಾದರಿ ಅರ್ಹತೆಗೆ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅನುಮತಿಗೆ) ಹೋಗುವವರು ಇದರ ಉನ್ನತ ಕೋರ್ಸ್ ಮಾಡಿರಬೇಕು. ಅದರಲ್ಲಿ ಕನಿಷ್ಠ 5 ಗಂಟೆ ಪಾಠ, ಕನಿಷ್ಠ 3 ಗಂಟೆ ಬೋಧಕರ ಜೊತೆಗಿನ ಹಾರಾಟ. ತಲೆಕೆಳಗಾದ ವಿಮಾನದಲ್ಲೂ ಶಾಂತವಾಗಿ ಮಾತನಾಡಬಲ್ಲವರು ಇದಕ್ಕೆ ಬೇಕು. ಆದರೂ ನನ್ನ ಸಲಹೆ ಇಷ್ಟೇ: ಅದರಿಂದ ಆರಂಭಿಸಬೇಡಿ. ಮೊದಲು ಸರ್ಕ್ಯೂಟ್‌ನಲ್ಲಿ, ಅಂದರೆ ರನ್‌ವೇ ಸುತ್ತಲಿನ ನಿಗದಿತ ಹಾದಿಯಲ್ಲಿ, ಹೊಸಬರಿಗೆ ಏರಿಳಿತ ಕಲಿಸುತ್ತಾ ಸಾಕಷ್ಟು ಕಾಲ ಕಳೆಯಿರಿ. ಸ್ಪಿನ್‌ನಿಂದ ಹೊರಬರುವುದನ್ನು ಕಲಿಸುವವರಿಗೆ, ವಿದ್ಯಾರ್ಥಿ ಅಂತಿಮ ತಿರುವಿನಲ್ಲಿ ರನ್‌ವೇ ದಾಟಿಹೋಗುವ ಆತಂಕದಿಂದ ರಡ್ಡರ್ ಹೆಚ್ಚು ಒತ್ತಿ ಮೂಗು ಎಳೆದು ಹೇಗೆ ಆ ಸ್ಥಿತಿಗೆ ಬರುತ್ತಾನೆ ಎಂಬುದು ನೂರು ಸಲ ಕಣ್ಣಾರೆ ಕಂಡಿರಬೇಕು. ಆ ಎತ್ತರದಲ್ಲಿ ಸ್ಪಿನ್ ಆದರೆ ಹೊರಬರಲು ಜಾಗವೇ ಇರುವುದಿಲ್ಲ, ಆದ್ದರಿಂದ ತಡೆಯುವುದನ್ನು ಕಲಿಸುವುದೇ ದೊಡ್ಡ ವಿದ್ಯೆ.

ಉತ್ತರ 4 (ಸೇನೆಯಿಂದ ಬಂದ ಬೋಧಕರ ಬಳಿ ಕಲಿತ ವಿದ್ಯಾರ್ಥಿನಿ)

ವಿದ್ಯಾರ್ಥಿಗಳ ಕಡೆಯ ಮಾತನ್ನೂ ಸೇರಿಸಲು ಅನುಮತಿ ಕೊಡಿ. ನನ್ನ ಗುರುಗಳು ಸೇನೆಯ ಪೈಲಟ್ ಆಗಿದ್ದವರು. ಹವಾಮಾನ ನೋಡಿ ಇಂದು ಬೇಡ ಎಂದು ಹೇಳುವಾಗ ಅವರ ದನಿಯಲ್ಲಿ ಅಳುಕು ಇರುತ್ತಿರಲಿಲ್ಲ, ಹಾಗೆ ಹೇಳಿದ ಪ್ರತಿ ಸಲವೂ ಕಾರಣವನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು. ಹಾರಲಾಗದ ದಿನವೂ ಪಾಠದ ದಿನವಾಗುತ್ತಿತ್ತು. ಚೆಕ್‌ಲಿಸ್ಟ್‌ನ ಒಂದು ಸಾಲನ್ನೂ ಅವರು ನೆನಪಿನ ಮೇಲೆ ಬಿಡುತ್ತಿರಲಿಲ್ಲ, ಅಷ್ಟು ಅನುಭವ ಇರುವವರೇ ಓದಿ ಮಾಡುವಾಗ ನನಗೆ ಅದನ್ನು ಬಿಡುವ ಯೋಚನೆಯೇ ಬರಲಿಲ್ಲ.

ಕಷ್ಟವಾದದ್ದು ಅವರ ಮಾತಿನ ವೇಗ ಮತ್ತು ಸಂಕ್ಷೇಪಾಕ್ಷರಗಳು. ಹತ್ತು ವಾಕ್ಯಗಳ ವಿಷಯವನ್ನು ನಾಲ್ಕು ಅಕ್ಷರಗಳಲ್ಲಿ ಹೇಳುವುದು ಅವರಿಗೆ ಸಹಜ, ಮೊದಲ ಪಾಠಕ್ಕೆ ಬಂದವರಿಗೆ ಅದು ಗೋಡೆ. ಅರ್ಥವಾಯಿತೇ ಎಂದು ಕೇಳಿದರೆ ಭಯದಿಂದ ಹೌದೆನ್ನುತ್ತೇವೆ, ಏಕೆಂದರೆ ಎದುರಿಗಿರುವವರು ಯುದ್ಧವಿಮಾನ ಹಾರಿಸಿದವರು. ನೀವು ಬೋಧಕರಾದಾಗ ಆ ಪ್ರಶ್ನೆಯ ಬದಲು, ಈಗ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿ, ಮತ್ತು ನಾವು ತಡವರಿಸುವಾಗ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಮೌನದಲ್ಲಿ ನಮಗೆ ಉತ್ತರ ಹೊಳೆಯುತ್ತದೆ.